ನಿರುದ್ಯೋಗ: ಯಾರು ಬಿತ್ತಿದ ಬೆಳೆ?

ಅಭಿವೃದ್ಧಿಶೀಲ ರಾಷ್ಟ್ರಗಳ ನಿರುದ್ಯೋಗಕ್ಕೆ ಜನಸಂಖ್ಯಾ ಸ್ಫೋಟ, ಅನಕ್ಷರತೆ, ಬಂಡವಾಳದ ಕೊರತೆ ಕಾರಣವೆಂದು ಪಠ್ಯಪುಸ್ತಕಗಳು ಹೇಳುತ್ತವೆ. ವಿದ್ಯಾರ್ಥಿಗಳು ಅದನ್ನೇ ಉರು ಹೊಡೆದು ಅಂಕ ಗಳಿಸುತ್ತಾರೆ. ಆದರೆ ಪಿರಿಯಾಪಟ್ಟಣ, ಹುಣಸೂರು, ಹೆಗ್ಗಡದೇವನಕೋಟೆ ತಾಲ್ಲೂಕುಗಳನ್ನು ಕಂಡವರಿಗೆ ಈ ಉತ್ತರ ಸಾಲದು. ಇಲ್ಲಿ ಮಳೆಯಿದೆ, ಮಣ್ಣಿದೆ, ದುಡಿಯುವ ಕೈಗಳಿವೆ. ಆದರೂ ಕಾಫಿ ಕೊಯ್ಲಿನ ಕಾಲದಲ್ಲಿ ಬೆಳಗಾಗುವ ಮುನ್ನವೇ ಜೀಪುಗಳು ಆಳುಗಳನ್ನು ತುಂಬಿಕೊಂಡು ಕೊಡಗಿನತ್ತ ಹೊರಡುತ್ತವೆ. ಏಕೆ?

ಮೊದಲ ಕಾರಣ ಹೊಗೆಸೊಪ್ಪು. ಮೇ ತಿಂಗಳಲ್ಲಿ ನಾಟಿ. ಜುಲೈ ಬಂತೆಂದರೆ ಸೊಪ್ಪು ಮುರಿಯುವುದು, ಕಡ್ಡಿಗೆ ಕಟ್ಟುವುದು, ಬ್ಯಾರನ್ನಿನಲ್ಲಿ ಹಗಲಿರುಳು ಬೆಂಕಿ ಕಾಯುವುದು. ಆ ವಾರಗಳಲ್ಲಿ ಎಷ್ಟು ಕೂಲಿ ಕೊಟ್ಟರೂ ಆಳು ಸಿಗದು. ಬೆಂಕಿ ಆರಿದ ಮೇಲೆ ಅದೇ ಆಳಿಗೆ ಕೆಲಸ ಸಿಗದು. ಅರ್ಥಶಾಸ್ತ್ರ ಇದನ್ನು ಋತುಮಾನದ ನಿರುದ್ಯೋಗವೆಂದು ಕರೆಯುತ್ತದೆ. ಹೊಗೆಸೊಪ್ಪು ಸಾವಿರಾರು ಕುಟುಂಬಗಳಿಗೆ ಅನ್ನ ಕೊಟ್ಟಿದೆ ಎನ್ನುವವರು, ಅದು ವರ್ಷದ ಎಷ್ಟು ತಿಂಗಳ ಅನ್ನ ಎಂಬುದನ್ನೂ ಹೇಳಬೇಕು. ಕಂಪಲಾಪುರದಲ್ಲೋ ಕಟ್ಟೆಮಳಲವಾಡಿಯಲ್ಲೋ ಹರಾಜಾಗಿ ಬೇಲು ಕೈದಾಟಿದೊಡನೆ ಹಳ್ಳಿಯ ಪಾಲು ಮುಗಿಯಿತು. ಸಿಗರೇಟಿನ ಕಾರ್ಖಾನೆ, ರಫ್ತು, ಲಾಭ ಎಲ್ಲವೂ ಬೇರೆಡೆಗೆ. ಊರಿಗೆ ಉಳಿಯುವುದು ಬೂದಿ, ಸಾಲ, ಸೌದೆಗಾಗಿ ಬೋಳಾದ ಬದು. ಜೊತೆಗೆ ಹಸಿ ಎಲೆಯ ನಿಕೋಟಿನ್ ಚರ್ಮಕ್ಕಿಳಿದು ತಲೆಸುತ್ತು, ವಾಂತಿಯಿಂದ ಬಳಲುವ ಹೆಣ್ಣಾಳುಗಳು.

ಎರಡನೆಯದು ಕಾಡಿನ ಬಾಗಿಲು ಮುಚ್ಚಿದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1974ರಲ್ಲಿ ಮುಗಿದ ಕಬಿನಿ ಅಣೆಕಟ್ಟು, 1988ರಲ್ಲಿ ಘೋಷಿತವಾದ ನಾಗರಹೊಳೆ ರಾಷ್ಟ್ರೀಯ ಉದ್ಯಾನ, ಇವುಗಳ ನಡುವೆ ಜೇನುಕುರುಬರು, ಬೆಟ್ಟಕುರುಬರು, ಯರವರು ನೆಲೆ ಕಳೆದುಕೊಂಡರು. ಜೇನು, ಗೆಡ್ಡೆ, ಗಿಡಮೂಲಿಕೆ, ಆನೆಯ ನಡೆ ಬಲ್ಲವರನ್ನು 'ಕೌಶಲ್ಯರಹಿತ ಕಾರ್ಮಿಕ' ಎಂದು ಬರೆದುಕೊಂಡು ಲೈನ್‌ಮನೆಗಳಿಗೆ ಅಟ್ಟಲಾಯಿತು. ಉದ್ಯೋಗವಿದ್ದವರನ್ನು ಆಡಳಿತವೇ ನಿರುದ್ಯೋಗಿಗಳನ್ನಾಗಿಸಿತು. 2006ರ ಅರಣ್ಯ ಹಕ್ಕು ಕಾಯ್ದೆ ಕಿರು ಅರಣ್ಯ ಉತ್ಪನ್ನಗಳ ಹಕ್ಕನ್ನು ಮಾನ್ಯ ಮಾಡಿತು. ಆದರೂ 2025ರ ಮೇ ತಿಂಗಳಲ್ಲಿ ಜೇನುಕುರುಬ ಕುಟುಂಬಗಳು ತಮ್ಮ ಹಿರಿಯರ ನೆಲವಾದ ಕರಡಿಕಲ್ಲು ಅತ್ತೂರು ಕೊಲ್ಲಿಗೆ ತಾವಾಗಿಯೇ ಮರಳಬೇಕಾಯಿತು. ಕಾಗದದ ಹಕ್ಕಿಗೂ ನೆಲದ ಹಕ್ಕಿಗೂ ಇರುವ ಅಂತರಕ್ಕೆ ಬೇರೆ ಸಾಕ್ಷಿ ಬೇಕೆ?

ರೈತರನ್ನು ದೂಷಿಸುವುದು ಅನ್ಯಾಯ. ಹೊಗೆಸೊಪ್ಪಿಗೆ 1976ರಿಂದ ತಂಬಾಕು ಮಂಡಳಿಯಿದೆ, ಪರವಾನಗಿಯಿದೆ, ಹರಾಜು ಕಟ್ಟೆಯಿದೆ, ಬ್ಯಾಂಕಿನ ಸಾಲವಿದೆ. ರಾಗಿ, ಅವರೆ, ಹುರುಳಿಗೆ ಅಂಥ ಆಸರೆ ಎಲ್ಲಿದೆ? ತಂಬಾಕು ನಿಯಂತ್ರಣದ ಜಾಗತಿಕ ಒಪ್ಪಂದವನ್ನು ಭಾರತ 2004ರಲ್ಲೇ ಅನುಮೋದಿಸಿತು. ಬೆಳೆಗಾರರಿಗೂ ಕಾರ್ಮಿಕರಿಗೂ ಪರ್ಯಾಯ ಜೀವನೋಪಾಯ ಒದಗಿಸಲು ನೆರವಾಗಬೇಕೆಂದು ಅದರ 17ನೇ ವಿಧಿ ಹೇಳುತ್ತದೆ. ಬ್ಯಾರನ್ ಮುಚ್ಚಿಸುವ ಮಾತಿಗಿಂತ ಮೊದಲು ಈ ಮಾತು ನಡೆಯಬೇಕು. ರಾಗಿಯನ್ನು ಚೀಲದಲ್ಲಿ ಸಾಗಿಸುವ ಬದಲು ಹಳ್ಳಿಯಲ್ಲೇ ಹಸನು ಮಾಡಿ, ಬೀಸಿ, ಹುರಿಹಿಟ್ಟು ಮಾಡಿ ಮಾರಿದರೆ, ಬೇಸಿಗೆಯ ಖಾಲಿ ತಿಂಗಳುಗಳಿಗೆ ಕೆಲಸ ಹುಟ್ಟುತ್ತದೆ. ಕೆರೆಯ ಹೂಳೆತ್ತುವುದು, ಬದುಗಳಲ್ಲಿ ಹೊಂಗೆ, ಹಲಸು ನೆಡಲು ಗುಂಡಿ ತೋಡುವುದು ಆ ತಿಂಗಳುಗಳಿಗೇ ಒಪ್ಪುವ ಕೆಲಸ.

ಕಾಲೇಜು ವಿದ್ಯಾರ್ಥಿಗಳು ಇದನ್ನು ತಮ್ಮ ಊರಿನಿಂದಲೇ ಆರಂಭಿಸಬಹುದು. ಯಾವ ತಿಂಗಳು ಎಷ್ಟು ಕೈಗಳಿಗೆ ಎಷ್ಟು ದಿನ ಕೆಲಸ ಸಿಕ್ಕಿತು, ಎಷ್ಟು ಮಂದಿ ಜೀಪು ಹತ್ತಿದರು ಎಂದು ಮನೆಮನೆಗೆ ಹೋಗಿ ಬರೆದಿಡಲಿ. ಆ ಪಟ್ಟಿ ಗ್ರಾಮಸಭೆಯ ಮುಂದೆ ಬಂದಾಗ ಜನಸಂಖ್ಯೆಯ ನೆಪ ಹೇಳಿ ಯಾರೂ ಜಾರಿಕೊಳ್ಳಲಾರರು.