ಭಕ್ತರಿಗೆ ಛತ್ರ, ವಿದ್ಯಾರ್ಥಿಗೆ ಹಾಸ್ಟೆಲ್, ದಾರಿಹೋಕರಿಗೆ?

ಕನ್ನಡದಲ್ಲಿ ‘ಹಾಸ್ಟೆಲ್’ ಅಂದ ಕೂಡಲೇ ನೆನಪಾಗೋದು ವಾರ್ಡನ್, ಹಾಜರಿ ಪುಸ್ತಕ, ನೀರು ಸಾಂಬಾರ್. ಯುರೋಪಿನ ನಗರಗಳಲ್ಲಿ ಅದೇ ಪದಕ್ಕೆ ಬೇರೆ ಅರ್ಥ. ಅಲ್ಲಿ ಬಾಡಿಗೆಗೆ ಸಿಗೋದು ರೂಮಲ್ಲ, ಒಂದು ಮಂಚ, ಅದೂ ಒಂದು ರಾತ್ರಿಗೆ. ಒಬ್ಬರೇ ಬನ್ನಿ, ಹಾಸಿಗೆ ಹಿಡಿಯಿರಿ, ಬೆಳಗ್ಗೆ ಎದ್ದು ಹೋಗಿ. ಈ ಎರಡನೇ ಅರ್ಥ ನಮ್ಮೂರಿಗೆ ಸರಿಯಾಗಿ ಬರಲೇ ಇಲ್ಲ. ಇದನ್ನು ಪ್ರವಾಸಿಗರ ಸಣ್ಣ ತಕರಾರು ಅಂತ ತಳ್ಳಿಹಾಕಬೇಡಿ. ಮನೆಯಿಂದ ಹೊರಗೆ ಮಲಗುವ ಹಕ್ಕು ಯಾರಿಗಿದೆ, ಯಾರಿಗಿಲ್ಲ ಅನ್ನುವ ರಾಜಕೀಯ ಪ್ರಶ್ನೆ ಇದರೊಳಗಿದೆ.

ದಕ್ಷಿಣ ಕನ್ನಡದ ಮೂರು ತಾಲೂಕುಗಳನ್ನೇ ನೋಡಿ. ಬೆಳ್ತಂಗಡಿ ತಾಲೂಕಿನಲ್ಲಿ ಧರ್ಮಸ್ಥಳವಿದೆ. ಅಲ್ಲಿ ರಜತಾದ್ರಿ, ಗಂಗೋತ್ರಿ, ಶರಾವತಿ, ಸಾಕೇತ ಅಂತ ಸಾಲು ಸಾಲು ವಸತಿಗೃಹಗಳಿವೆ. ಮೂಡುಬಿದಿರೆಯಲ್ಲಿ 1430ರ ಹೊತ್ತಿಗೆ ಕಟ್ಟಿದ ಸಾವಿರ ಕಂಬದ ಬಸದಿ ನೋಡಲು ಬರುವವರಿಗಿಂತ ಆಳ್ವಾಸ್ ಮತ್ತಿತರ ಕಾಲೇಜುಗಳ ಹಾಸ್ಟೆಲ್‌ಗಳಲ್ಲಿ ಮಲಗುವವರೇ ಎಷ್ಟೋ ಪಾಲು ಜಾಸ್ತಿ. ಇನ್ನು ಬಂಟ್ವಾಳ. ಅದರ ಬಿ.ಸಿ. ರೋಡ್ ಎಲ್ಲರೂ ಇಳಿಯುವ, ಯಾರೂ ಉಳಿಯದ ಜಾಗ. ಬೆಂಗಳೂರು–ಮಂಗಳೂರು ಹೆದ್ದಾರಿಯಿಂದ ಬೆಳ್ತಂಗಡಿ, ಚಾರ್ಮಾಡಿ ಕಡೆಯ ದಾರಿ ಕವಲೊಡೆಯೋದು ಇಲ್ಲಿ. ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಗುಡ್ಡ ಜಾರಿ ರಸ್ತೆ ಬಂದ್ ಆದ್ರೆ, ರಾತ್ರಿ ಎಲ್ಲಿ ಕಳೆಯೋದು ಅನ್ನೋ ಪ್ರಶ್ನೆ ಹಿಡಿದು ಜನ ನಿಲ್ಲೋದೂ ಇಲ್ಲೇ. ಭಕ್ತರ ಊರು, ವಿದ್ಯಾರ್ಥಿಗಳ ಊರು, ದಾರಿಹೋಕರ ಊರು. ಬಸ್ಸಿನಲ್ಲಿ ಒಂದರಿಂದ ಇನ್ನೊಂದಕ್ಕೆ ಗಂಟೆ, ಹೆಚ್ಚೆಂದರೆ ಒಂದೂವರೆ ಗಂಟೆ.

ಈಗ ಈ ಮೂವರ ಹಾಸಿಗೆಯ ಮೇಲೆ ತೆರಿಗೆ ಎಷ್ಟು ಅಂತ ನೋಡೋಣ. ಜಿಎಸ್‌ಟಿ ಅಧಿಸೂಚನೆಗಳನ್ನು ಓದುವ ಚಟ ಯಾರಿಗೂ ಇರಬಾರದು, ಆದರೆ ಕೆಲವೊಮ್ಮೆ ಸಮಾಜದ ಎಕ್ಸ್‌ರೇ ಅಲ್ಲೇ ಸಿಗುತ್ತೆ. ನೋಂದಾಯಿತ ಧಾರ್ಮಿಕ ಟ್ರಸ್ಟು ಕ್ಷೇತ್ರದ ಆವರಣದಲ್ಲಿ ದಿನಕ್ಕೆ 1,000 ರೂಪಾಯಿಗಿಂತ ಕಡಿಮೆಗೆ ರೂಮ್ ಕೊಟ್ಟರೆ ತೆರಿಗೆ ಇಲ್ಲ. ಹಾಸ್ಟೆಲ್, ಪಿಜಿಗಳಲ್ಲಿ ತಿಂಗಳಿಗೆ ತಲಾ 20,000 ರೂಪಾಯಿಯೊಳಗಿನ ಬಾಡಿಗೆಗೆ, ಸತತ 90 ದಿನ ಉಳಿದರೆ, 2024ರ ಜುಲೈಯಿಂದ ತೆರಿಗೆ ಇಲ್ಲ. ಒಂದೇ ರಾತ್ರಿಗೆ ಬಂದವನ ಕತೆ ಬೇರೆ. 1,000 ರೂಪಾಯಿಯೊಳಗಿನ ಲಾಡ್ಜ್ ರೂಮಿಗೆ ಇದ್ದ ವಿನಾಯಿತಿಯನ್ನು 2022ರ ಜುಲೈ 18ರಂದು ತೆಗೆದು 12% ಹಾಕಿದರು. 2025ರ ಸೆಪ್ಟೆಂಬರ್ 22ರಿಂದ ಅದು 5%. ವಾರ್ಷಿಕ ವಹಿವಾಟು 20 ಲಕ್ಷ ದಾಟದ ಲಾಡ್ಜಿಗೆ ಇದು ಅನ್ವಯಿಸಲ್ಲ, ನಿಜ. ನನ್ನ ಪಾಯಿಂಟು ಮೊತ್ತದ್ದಲ್ಲ. ಭಕ್ತ ಯಾರು ಅಂತ ನಮ್ಮ ಪ್ರಭುತ್ವಕ್ಕೆ ಗೊತ್ತು, ವಿದ್ಯಾರ್ಥಿ ಯಾರು ಅಂತಲೂ ಗೊತ್ತು. ಸಂದರ್ಶನಕ್ಕೆ ಬಂದ ಹುಡುಗಿ, ಆಸ್ಪತ್ರೆಯಲ್ಲಿರುವ ಅಮ್ಮನನ್ನು ನೋಡಲು ಬಂದ ಮಗ, ಕೊನೇ ಬಸ್ ತಪ್ಪಿಸಿಕೊಂಡ ಸೇಲ್ಸ್‌ಮ್ಯಾನ್, ಇವರಿಗೆಲ್ಲ ಅದರ ಪುಸ್ತಕದಲ್ಲಿ ಹೆಸರೇ ಇಲ್ಲ.

ಪುಸ್ತಕದಲ್ಲಿಲ್ಲದವರನ್ನು ಕೌಂಟರಿನಲ್ಲಿ ಹೇಗೆ ನೋಡ್ತಾರೆ? “ಒಬ್ಬರೇನಾ? ಜೊತೆಗೆ ಯಾರಿದ್ದಾರೆ? ಎಂತ ಕೆಲಸ ಇತ್ತು ಇಲ್ಲಿ?” ಈ ಭಾಗದಲ್ಲಿ ವರದಿಗೆ ಅಂತ ತಿರುಗುವಾಗ ಒಂದು ಲಾಡ್ಜಿನಲ್ಲಿ (ಹೆಸರು ಬೇಡ, ಒಂದರ ಸಮಸ್ಯೆ ಅಲ್ಲ ಇದು) ನನಗೆ ಎರಡೇ ನಿಮಿಷಕ್ಕೆ ಕೀ ಸಿಕ್ಕಿತು. ನನ್ನ ಜೊತೆ ಬಂದಿದ್ದ ಸಹೋದ್ಯೋಗಿಗೆ, ಆಕೆ ಬೇರೆ ರೂಮ್ ಕೇಳಿದರೂ, ಮನೆಯವರ ಫೋನ್ ನಂಬರ್ ಕೊಡಿ ಅಂದರು. ಮೂವತ್ತು ದಾಟಿದ, ಸ್ವಂತ ದುಡಿಮೆಯ ಹೆಂಗಸು. ಕಾನೂನು ಹಾಗೆ ಹೇಳುತ್ತಾ ಅಂತ ಕೇಳಿದ್ದಕ್ಕೆ “ಕಾನೂನಲ್ಲ ಸಾರ್, ನಮ್ಮ ಪದ್ಧತಿ” ಅಂತ ಪ್ರಾಮಾಣಿಕ ಉತ್ತರವೇ ಬಂತು.

ಕಾನೂನು ಹೇಳೋದು ಇಷ್ಟು. ಸಂವಿಧಾನದ 15(2)ನೇ ವಿಧಿ ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ ಇವುಗಳ ಕಾರಣಕ್ಕಷ್ಟೇ ಯಾವ ನಾಗರಿಕರಿಗೂ ಅಂಗಡಿ, ಹೋಟೆಲ್ ಮುಂತಾದವುಗಳ ಪ್ರವೇಶ ತಡೆಯಬಾರದು ಅನ್ನುತ್ತೆ. ಇದು ಸರ್ಕಾರವನ್ನು ಮಾತ್ರವಲ್ಲ, ಹೋಟೆಲ್ ಮಾಲೀಕನನ್ನೂ ಕಟ್ಟುವ ಮಾತು. ಯಾಕೆ ಬಂತು ಅಂತ ತಿಳಿಯಬೇಕಿದ್ದರೆ ಅಂಬೇಡ್ಕರರ ‘ವೇಟಿಂಗ್ ಫಾರ್ ಎ ವೀಸಾ’ ಓದಿ. ಅಮೆರಿಕ, ಇಂಗ್ಲೆಂಡ್‌ಗಳಲ್ಲಿ ಓದಿ ಬಂದ ಅವರು 1917ರಲ್ಲಿ ಬರೋಡಾದಲ್ಲಿ ಕೆಲಸಕ್ಕೆ ಸೇರಿದಾಗ ಮಲಗಲು ಜಾಗ ಸಿಗದೆ, ಪಾರ್ಸಿ ಹೆಸರಿನಲ್ಲಿ ಒಂದು ಪಾರ್ಸಿ ಛತ್ರ ಸೇರಿದರು. ಹನ್ನೊಂದನೇ ದಿನ ದೊಣ್ಣೆ ಹಿಡಿದ ಗುಂಪು ಬಂದು ಹೊರಹಾಕಿತು. ಹೊರದೇಶದಲ್ಲಿದ್ದಷ್ಟು ವರ್ಷ ಮರೆತೇ ಹೋಗಿದ್ದ ತನ್ನ ಜಾತಿಯನ್ನು ಅವರಿಗೆ ಮತ್ತೆ ನೆನಪಿಸಿದ್ದು ವಸತಿಯ ಪ್ರಶ್ನೆ. ಲಾಡ್ಜಿನ ರಿಜಿಸ್ಟರ್ ಪುಸ್ತಕ ಅಷ್ಟು ನಿರಪಾಯಕಾರಿ ವಸ್ತುವಲ್ಲ.

15(2)ರ ಪಟ್ಟಿಯಲ್ಲಿ ಒಂದು ಕಂಡಿಯೂ ಇದೆ. ‘ಹುಟ್ಟಿದ ಸ್ಥಳ’ ಇದೆ, ‘ವಾಸಸ್ಥಳ’ ಇಲ್ಲ. ‘ಲಿಂಗ’ ಇದೆ, ‘ಒಂಟಿ’ ಇಲ್ಲ. ಭಾರತದ ಹಲವು ಬ್ಯಾಕ್‌ಪ್ಯಾಕರ್ ಹಾಸ್ಟೆಲ್‌ಗಳು ಲೋಕಲ್ ಐಡಿ ಇದ್ದವರಿಗೆ ಹಾಸಿಗೆ ಇಲ್ಲ ಅನ್ನೋದು ಈ ಕಂಡಿಯ ಮೂಲಕವೇ. ಅಂದ್ರೆ ಬೆಂಗಳೂರಿನಿಂದ ಬಂದವನು ಟ್ರಾವೆಲರ್, ಪಕ್ಕದ ಬೀದಿಯವನು ಅನುಮಾನಾಸ್ಪದ. ಮದುವೆಯಾಗದ ಜೋಡಿಗೆ ರೂಮ್ ಕೊಡುವುದನ್ನು ತಡೆಯುವ ಕಾನೂನೇ ಇಲ್ಲ ಅಂತ 2019ರಲ್ಲಿ ಮದ್ರಾಸ್ ಹೈಕೋರ್ಟ್ ಹೇಳಿತು. ಆದರೆ ಕಾನೂನು ತಡೆಯಲ್ಲ ಅನ್ನೋದೂ, ಕೊಡಲೇಬೇಕು ಅನ್ನೋದೂ ಬೇರೆ ಬೇರೆ.

ನಮ್ಮ ಜಿಲ್ಲೆಯಲ್ಲಿ ಕಾನೂನಿಗಿಂತ ಗಟ್ಟಿಯಾದ ಇನ್ನೊಂದು ವಸ್ತು ಇದೆ, ಅದು ಭಯ. 2012ರ ಜುಲೈ 28ರಂದು ಮಂಗಳೂರಿನ ಪಡೀಲ್‌ನ ಹೋಂಸ್ಟೇಗೆ ನುಗ್ಗಿ, ಹುಟ್ಟುಹಬ್ಬದ ಪಾರ್ಟಿಯಲ್ಲಿದ್ದ ಹುಡುಗ ಹುಡುಗಿಯರನ್ನು ಹೊಡೆದ ಪ್ರಕರಣದಲ್ಲಿ 2024ರಲ್ಲಿ ಆರೋಪಿಗಳು ಖುಲಾಸೆಯಾದರು. ಲಾಡ್ಜ್ ನಡೆಸುವವನು ಇದರಿಂದ ಕಲಿತ ಪಾಠ ಏನಿರಬಹುದು? ಗಿರಾಕಿಯ ಪರ ಯಾರೂ ನಿಲ್ಲಲ್ಲ, ಆದ್ದರಿಂದ ಗಿರಾಕಿಯನ್ನೇ ಸೋಸು. 2025ರ ಮೇ ತಿಂಗಳಲ್ಲಿ ಬಜ್ಪೆಯಲ್ಲಿ, ಆಮೇಲೆ ಬಂಟ್ವಾಳ ತಾಲೂಕಿನಲ್ಲೇ ಕೊಲೆಗಳಾದ ಮೇಲೆ, ರಾತ್ರಿ ಬಿ.ಸಿ. ರೋಡಿನಲ್ಲಿ ನಿಂತ ಅಪರಿಚಿತನಿಗೆ “ಹೆಸರೇನು?” ಅನ್ನೋದು ಬರೀ ಪರಿಚಯದ ಪ್ರಶ್ನೆಯಾಗಿ ಉಳಿದಿಲ್ಲ. ಉತ್ತರ ಕೊಡುವ ಮೊದಲು ಒಂದು ಕ್ಷಣ ಯೋಚಿಸಬೇಕಾದವರು ಯಾರು ಅಂತ ನಿಮಗೆ ಗೊತ್ತು.

ಹಾಗಾದ್ರೆ ಯುರೋಪ್ ಸ್ವರ್ಗವಾ? ಅಲ್ಲ ಮಾರಾಯ್ರೆ. 2024ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಒಂದು ಸಣ್ಣ ಹಾಸ್ಟೆಲ್ಲಿನಲ್ಲಿ ಮೂರು ರಾತ್ರಿ ಇದ್ದೆ. ಏಣಿಯಷ್ಟೇ ಕಡಿದಾದ ಮೆಟ್ಟಿಲು, ಎಂಟು ಮಂಚದ ರೂಮು, ಒಂದೇ ಕಿಟಕಿ, ಕೆಳಗಿನ ಮಂಚದವನ ಗೊರಕೆ. ಒಂದು ಮಂಚದ ದುಡ್ಡಿನಲ್ಲಿ ಬಿ.ಸಿ. ರೋಡಿನಲ್ಲಿ ಎರಡು ದಿನ ಎಸಿ ರೂಮಿನಲ್ಲಿರಬಹುದು. ಅದರ ಮೇಲೆ ನಗರದ ಪ್ರವಾಸಿ ತೆರಿಗೆ 12.5%. ನಾನು ಹೋದಾಗ ವಸತಿಯ ಮೇಲೆ 9% ಇದ್ದ ವ್ಯಾಟ್ 2026ರ ಜನವರಿಯಿಂದ 21%. ಜನಜಂಗುಳಿ ತಡೆಯಲಾಗದೆ ಆ ನಗರ, ಹಳೇ ಹೋಟೆಲ್ ಒಂದು ಮುಚ್ಚದೆ ಹೊಸದಕ್ಕೆ ಅನುಮತಿ ಇಲ್ಲ ಅಂತ ನಿಯಮ ಮಾಡಿದೆ. ಬಾರ್ಸಿಲೋನಾ 2028ರೊಳಗೆ ಹತ್ತು ಸಾವಿರಕ್ಕೂ ಹೆಚ್ಚು ಪ್ರವಾಸಿ ಫ್ಲ್ಯಾಟ್‌ಗಳ ಪರವಾನಗಿ ಮುಗಿಸುತ್ತೇನೆ ಅಂದಿದೆ. ಆಮ್‌ಸ್ಟರ್‌ಡ್ಯಾಮಿನ ಕೆಲವು ಹಾಸ್ಟೆಲ್‌ಗಳು ನಲವತ್ತು ದಾಟಿದವರನ್ನು ಡಾರ್ಮಿಟರಿಗೆ ಸೇರಿಸಲ್ಲ. ಸೋಸುವ ಜರಡಿ ಅಲ್ಲೂ ಇದೆ, ಅದು ವಯಸ್ಸು ಮತ್ತು ದುಡ್ಡಿನದ್ದು.

ಆದರೂ ಒಂದು ವಿಷಯ ನನ್ನನ್ನು ಬಿಡಲಿಲ್ಲ. ಆ ರೂಮಿನಲ್ಲಿ ಕ್ಯಾಮೆರಾ ಹಿಡಿದ ಪ್ರವಾಸಿಗರು ನಾವು ಮೂರೇ ಜನ. ಉಳಿದವರಲ್ಲಿ ಕೆಲಸದ ಸಂದರ್ಶನಕ್ಕೆ ಬಂದ ಒಬ್ಬ ನರ್ಸ್, ಯೂನಿವರ್ಸಿಟಿ ಸೇರಿಯೂ ಬಾಡಿಗೆಗೆ ರೂಮ್ ಸಿಗದ ಇಬ್ಬರು ವಿದ್ಯಾರ್ಥಿಗಳು, ಒಬ್ಬ ಎಲೆಕ್ಟ್ರಿಷಿಯನ್. ಇವರಲ್ಲಿ ಯಾರನ್ನೂ ಕೌಂಟರಿನಲ್ಲಿ ‘ಯಾಕೆ ಬಂದಿರಿ’ ಅಂತ ಕೇಳಿರಲಿಲ್ಲ. ಗುರುತಿನ ಚೀಟಿ, ದುಡ್ಡು, ಲಾಕರ್, ಮಂಚದ ನಂಬರ್, ಅಷ್ಟೇ.

ಇದು ಅವರ ಸಂಸ್ಕೃತಿ, ನಮಗೆ ಒಗ್ಗಲ್ಲ ಅನ್ನುವವರಿಗೆ ಇದರ ಹುಟ್ಟಿನ ಕತೆ ಹೇಳಬೇಕು. ಜರ್ಮನಿಯಲ್ಲಿ ರಿಚರ್ಡ್ ಶಿರ್ಮಾನ್ ಅನ್ನುವ ಶಾಲಾ ಮೇಷ್ಟ್ರು 1909ರಲ್ಲಿ ಮಕ್ಕಳನ್ನು ಕರೆದುಕೊಂಡು ಕಾಲ್ನಡಿಗೆ ಹೊರಟಾಗ ಗುಡುಗು ಮಳೆಗೆ ಸಿಕ್ಕಿಕೊಂಡರು. ಆ ರಾತ್ರಿ ಒಂದು ಹಳ್ಳಿ ಶಾಲೆಯಲ್ಲಿ ಹುಲ್ಲು ಹಾಸಿ ಮಲಗಿದರು. ರಜೆಯಲ್ಲಿ ಖಾಲಿ ಬಿದ್ದಿರುವ ಶಾಲೆಗಳನ್ನೆಲ್ಲ ಹೀಗೆ ಬಳಸಬಹುದಲ್ಲ ಅಂತ ಅವರಿಗೆ ಹೊಳೆದದ್ದು ಆಗ. 1912ರಲ್ಲಿ ಆಲ್ಟೆನಾ ಕೋಟೆಯಲ್ಲಿ ಶಾಶ್ವತ ಯೂತ್ ಹಾಸ್ಟೆಲ್ ಬಂತು. 1932ರಲ್ಲಿ ಅಂತಾರಾಷ್ಟ್ರೀಯ ಒಕ್ಕೂಟ ಹುಟ್ಟಿದ್ದು ಅದೇ ಆಮ್‌ಸ್ಟರ್‌ಡ್ಯಾಮಿನಲ್ಲಿ. ಮರುವರ್ಷವೇ ನಾಜಿಗಳು ಜರ್ಮನಿಯ ಹಾಸ್ಟೆಲ್‌ಗಳನ್ನು ಹಿಟ್ಲರ್ ಯೂತ್‌ನ ಕೈಗೆ ಕೊಟ್ಟರು. ಎಲ್ಲರಿಗೂ ಅಂತ ಹಾಕಿದ ಹಾಸಿಗೆ ಕೆಲವರದ್ದಾಗಲು ಎಷ್ಟು ದಿನ ಬೇಕು ಅಂತಲೂ ಇದೇ ಕತೆ ಹೇಳುತ್ತೆ.

ಶಾಲೆಯಲ್ಲಿ ಮಲಗೋದು ನಮಗೇನೂ ಹೊಸದಲ್ಲ. ಶಿವರಾತ್ರಿ ಹೊತ್ತಿಗೆ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ನಡೆದು ಬರುವ ಪಾದಯಾತ್ರಿಗಳು ದಾರಿಯುದ್ದಕ್ಕೂ ಶಾಲೆ ಜಗಲಿಗಳಲ್ಲಿ, ಸಭಾಭವನಗಳಲ್ಲಿ, ಮನೆ ಅಂಗಳಗಳಲ್ಲಿ ಮಲಗುತ್ತಾರೆ. ಊರವರೇ ಮಜ್ಜಿಗೆ, ಊಟ ಕೊಡ್ತಾರೆ. 2022ರ ಡಿಸೆಂಬರ್‌ನಲ್ಲಿ ಮೂಡುಬಿದಿರೆಯಲ್ಲಿ ಸ್ಕೌಟ್ಸ್ ಗೈಡ್ಸ್ ಸಾಂಸ್ಕೃತಿಕ ಜಾಂಬೂರಿ ನಡೆದಾಗ ಒಂದು ಸಣ್ಣ ಪಟ್ಟಣ ವಾರವಿಡೀ ಹತ್ತಾರು ಸಾವಿರ ಮಕ್ಕಳನ್ನು ಮಲಗಿಸಿತು. ಹಾಸಿಗೆ ಇಲ್ಲ ಅನ್ನೋದು ಸುಳ್ಳು, ಸಾಮರ್ಥ್ಯ ಇಲ್ಲ ಅನ್ನೋದೂ ಸುಳ್ಳು. ಗುಂಪಾಗಿ ಬಂದರೆ, ಬ್ಯಾನರ್ ಇದ್ದರೆ, ದೇವರ ಹೆಸರಿದ್ದರೆ ಬಾಗಿಲು ತೆರೆಯುತ್ತೆ. ಕಾರಣ ಕೊಡಬೇಕಾಗಿರೋದು ಒಬ್ಬರೇ ಬಂದವರು ಮಾತ್ರ.

ಆ ಒಬ್ಬರಲ್ಲಿ ಹೆಂಗಸರ ಸಂಖ್ಯೆ ಈಗ ಏರಿದೆ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಲ್ಲಿ 2025ರ ಜುಲೈ ಹೊತ್ತಿಗೆ 500 ಕೋಟಿ ಉಚಿತ ಪ್ರಯಾಣಗಳಾದವು. ಖಾಸಗಿ ಬಸ್ಸುಗಳದ್ದೇ ರಾಜ್ಯಭಾರವಿರುವ ಮೂಡುಬಿದಿರೆ ಕಡೆ ಇದರ ಲಾಭ ಕಡಿಮೆ, ಅದು ಬೇರೆ ಜಗಳ. ಧರ್ಮಸ್ಥಳದ ಕೆಂಪು ಬಸ್ಸುಗಳನ್ನು ನೋಡಿದರೆ ಯೋಜನೆಯ ತೂಕ ತಿಳಿಯುತ್ತೆ. ರಾಯಚೂರಿನ ಹೆಣ್ಣುಮಗಳು ಇವತ್ತು ಟಿಕೆಟ್‌ಗೆ ದುಡ್ಡಿಲ್ಲದೆಯೂ ಕರಾವಳಿಗೆ ಬರಬಹುದು. ರಾತ್ರಿ ಒಂಬತ್ತಕ್ಕೆ ಬಸ್ ಇಳಿದ ಮೇಲೆ ಏನು? ಬಸ್ಸಿನಲ್ಲಿ ಯಾರೂ ‘ಗಂಡನ ನಂಬರ್ ಕೊಡಿ’ ಅನ್ನಲ್ಲ. ಧರ್ಮಸ್ಥಳದ ಅನ್ನಪೂರ್ಣದಲ್ಲಿ ಎಲೆ ಮುಂದೆ ಕೂತವರನ್ನೂ ಹಾಗೆ ಕೇಳಲ್ಲ. ಪ್ರಯಾಣ, ಊಟ ಎರಡರಲ್ಲೂ ಒಪ್ಪಿಕೊಂಡ ನಾಗರಿಕತೆ ಹಾಸಿಗೆಯ ಹತ್ತಿರ ಬಂದಾಗ ತಡವರಿಸುತ್ತೆ.

ಲಾಡ್ಜ್‌ನವರ ಮಾತನ್ನೂ ಕೇಳಬೇಕು. ಯಾತ್ರಾಸ್ಥಳಗಳಲ್ಲಿ ಒಬ್ಬರೇ ಬಂದವರಿಗೆ ರೂಮ್ ಕೊಡಲು ಹಿಂಜರಿಯೋದಕ್ಕೆ ಅವರು ಕೊಡುವ ಕಾರಣ, ಏನಾದ್ರೂ ಮಾಡಿಕೊಂಡರೆ ಠಾಣೆಗೆ ಅಲೆಯೋರು ಯಾರು ಅಂತ. ಇದು ನೆಪ ಅಲ್ಲ. 2025ರಲ್ಲಿ ಎಸ್‌ಐಟಿ ರಚನೆಯಾದ ಮೇಲೆ ಬೆಳ್ತಂಗಡಿಯ ಅಸಹಜ ಸಾವುಗಳ ದಾಖಲೆಗಳೇ ಇಡೀ ರಾಜ್ಯದ ಚರ್ಚೆಯಾದವು. ಆ ತನಿಖೆಯ ವಿಷಯ ಇಲ್ಲಿ ಬೇಡ. ಆದರೆ ನೊಂದು ಬಂದ ಒಬ್ಬಂಟಿಗೆ ಅಪಾಯಕಾರಿ ಯಾವುದು? ಒಳಗಿನಿಂದ ಚಿಲಕ ಹಾಕುವ ರೂಮು. ಎಂಟು ಜನ ಮಲಗುವ, ರಾತ್ರಿಯಿಡೀ ಕೌಂಟರಿನಲ್ಲಿ ಒಬ್ಬರು ಎಚ್ಚರವಿರುವ ಡಾರ್ಮಿಟರಿಯಲ್ಲಿ ಒಂಟಿತನಕ್ಕೆ ಜಾಗ ಕಡಿಮೆ. ಲಾಡ್ಜ್ ಮಾಲೀಕನ ಭಯಕ್ಕೂ, ಒಂಟಿ ಹೆಂಗಸಿನ ಭಯಕ್ಕೂ ಉತ್ತರ ಒಂದೇ ಆಗುವ ಅಪರೂಪದ ಸಂದರ್ಭ ಇದು.

ಇದನ್ನು ಮಾಡಿ ತೋರಿಸಿದ್ದಾರೆ. ಕೊಚ್ಚಿ ನಗರಪಾಲಿಕೆ 2023ರಲ್ಲಿ ‘ಶೀ ಲಾಡ್ಜ್’ ತೆರೆದು, ಡಾರ್ಮಿಟರಿ ಹಾಸಿಗೆಗೆ ರಾತ್ರಿಗೆ 100 ರೂಪಾಯಿ ಇಟ್ಟು, ಕುಟುಂಬಶ್ರೀಯ ಹೆಂಗಸರ ಕೈಗೆ ಕೊಟ್ಟಿತು. ನಮ್ಮಲ್ಲಿ ಅಕ್ಕ ಕೆಫೆ ನಡೆಸುವ ಸಂಜೀವಿನಿ ಒಕ್ಕೂಟಗಳಿವೆ. ಮಕ್ಕಳಿಲ್ಲದೆ ಬೀಗ ಬಿದ್ದ ಸರ್ಕಾರಿ ಶಾಲೆ ಕಟ್ಟಡಗಳಿವೆ. ಬಿ.ಸಿ. ರೋಡಿನಂಥ ಜಂಕ್ಷನ್ನಿನಲ್ಲಿ ಇಪ್ಪತ್ತು ಮಂಚ, ಲಾಕರ್, ಶೌಚಾಲಯ, ರಾತ್ರಿ ಪಾಳಿಗೆ ಇಬ್ಬರು ಸಾಕು. ರಾಜ್ಯದ 2024–29ರ ಪ್ರವಾಸೋದ್ಯಮ ನೀತಿ 8,000 ಕೋಟಿ ಹೂಡಿಕೆಯ ಮಾತಾಡುತ್ತೆ. ಕರಾವಳಿ ಅಂದ ಕೂಡಲೇ ಎಲ್ಲ ಪಕ್ಷದವರ ಬಾಯಲ್ಲೂ ಬರೋದು ಬೀಚ್ ರೆಸಾರ್ಟು, ವಿಹಾರ ನೌಕೆ. ನೂರು ರೂಪಾಯಿಯ ಮಂಚಕ್ಕೆ ಶಂಕುಸ್ಥಾಪನೆಯ ಫೋಟೊ ಚೆನ್ನಾಗಿ ಬರಲ್ಲ ಅನಿಸುತ್ತೆ.

ಆ ಮಂಚಕ್ಕೆ ಎರಡು ನಿಯಮ ಮಾತ್ರ ನನ್ನ ಕಡೆಯಿಂದ. ಗುರುತಿನ ಚೀಟಿಯ ನಂಬರ್ ಬರೆದುಕೊಳ್ಳಿ, ಕಾರಣ ಕೇಳಬೇಡಿ. ವಿಳಾಸ ಬಂಟ್ವಾಳದ್ದೇ ಆಗಿದ್ದರೂ ಹಾಸಿಗೆ ಕೊಡಿ. ಸ್ವಂತ ಊರಿನಲ್ಲೇ ಒಂದು ರಾತ್ರಿ ಮನೆಯಿಂದ ಹೊರಗೆ ಮಲಗಬೇಕಾದವಳ ಕಾರಣ, ಬೆಂಗಳೂರಿನಿಂದ ಬಂದವಳ ಕಾರಣಕ್ಕಿಂತ ದೊಡ್ಡದೇ ಇರುತ್ತೆ.