ಮೈಲುತುತ್ತಿನ ಪೀಪಾಯಿಯೂ ಕತ್ತಿಯ ಪರೀಕ್ಷೆಯೂ

ಮುಂಗಾರು ಹಿಡಿಯುವುದಕ್ಕೆ ಮೊದಲೇ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಅಡಿಕೆ ತೋಟಗಳಲ್ಲಿ ಬೋರ್ಡೋ ದ್ರಾವಣವನ್ನು ಕಲಸುವ ಕೆಲಸ ಮೊದಲಾಗುತ್ತದೆ. ಒಂದು ಪಾತ್ರೆಯಲ್ಲಿ ಮೈಲುತುತ್ತು, ಇನ್ನೊಂದರಲ್ಲಿ ಸುಣ್ಣ. ಎರಡೂ ಕೂಡಿದಾಗ ತಿಳಿನೀಲಿ ಬಣ್ಣದ ಮದ್ದು. ಕೊಳೆರೋಗದಿಂದ ಎಳೆಯ ಕಾಯಿಗಳು ಉದುರದಿರಲೆಂದು ಇದನ್ನು ಗೊನೆಗಳಿಗೆ ಬಿಡುತ್ತಾರೆ. ಇದೇ ತೋಟಗಳಿಂದ ಬರುವ ವಿದ್ಯಾರ್ಥಿಗಳು ತರಗತಿಯಲ್ಲಿ ಆಮ್ಲ, ಕ್ಷಾರಗಳ ಲಕ್ಷಣಗಳನ್ನೂ ಲೋಹಗಳ ಕ್ರಿಯಾಶೀಲತೆಯ ಶ್ರೇಣಿಯನ್ನೂ ತಡವರಿಸದೆ ಒಪ್ಪಿಸುತ್ತಾರೆ. ಆದರೆ ಮದ್ದು ಕಲಸಿದ ಮೇಲೆ ಹಿರಿಯರು ಅದರಲ್ಲಿ ಕತ್ತಿಯನ್ನು ಅದ್ದಿ ನೋಡುವುದೇಕೆಂದು ಕೇಳಿದರೆ ಉತ್ತರ ಬರುವುದು ವಿರಳ. ಈ ಮೌನವು ವಿದ್ಯಾರ್ಥಿಗಳ ದೋಷವಲ್ಲ, ಕಲಿಸುವ ನಮ್ಮ ದೋಷವೆಂದೇ ನಾವು ಭಾವಿಸುತ್ತೇವೆ.

ಈ ಮದ್ದು ಹುಟ್ಟಿದ್ದು ಫ್ರಾನ್ಸಿನ ಬೋರ್ಡೋ ಪ್ರಾಂತದ ದ್ರಾಕ್ಷಿ ತೋಟಗಳಲ್ಲಿ. ದಾರಿಹೋಕರು ಹಣ್ಣು ಕದಿಯದಿರಲೆಂದು ಅಲ್ಲಿಯ ರೈತರು ರಸ್ತೆಬದಿಯ ಬಳ್ಳಿಗಳಿಗೆ ಮೈಲುತುತ್ತು, ಸುಣ್ಣಗಳನ್ನು ಚಿಮುಕಿಸುತ್ತಿದ್ದರು. ಆ ಬಳ್ಳಿಗಳು ಮಾತ್ರ ರೋಗದಿಂದ ಪಾರಾದುದನ್ನು ಮಿಲಾರ್ಡೆ ಎಂಬ ವಿಜ್ಞಾನಿ ಗಮನಿಸಿ, ಪ್ರಯೋಗ ನಡೆಸಿ, 1885ರಲ್ಲಿ ಪ್ರಕಟಿಸಿದರು. ಅಡಿಕೆಯ ಕೊಳೆರೋಗವನ್ನು ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ನರು ಅಭ್ಯಸಿಸಿ 1910ರಲ್ಲಿ ವರದಿ ಬರೆದರು. ಬಂಟ್ವಾಳ ತಾಲೂಕಿನ ವಿಟ್ಲದಲ್ಲಿ 1956ರಲ್ಲಿ ಅಡಿಕೆಯ ಸಂಶೋಧನಾ ಕೇಂದ್ರವೇ ಆರಂಭವಾಯಿತು. ಹೀಗೆ ಈ ಪೀಪಾಯಿಯ ಹಿಂದೆ ಶತಮಾನಕ್ಕೂ ಮೀರಿದ ವಿಜ್ಞಾನವಿದೆ.

ಮೈಲುತುತ್ತು ಎಂದರೆ ತಾಮ್ರದ ಸಲ್ಫೇಟು. ಅದು ಲವಣವಾದರೂ ಅದರ ದ್ರಾವಣವು ಆಮ್ಲಗುಣವುಳ್ಳದ್ದು. ನೀಲಿ ಲಿಟ್ಮಸ್ ಕಾಗದವನ್ನು ಕೆಂಪಾಗಿಸುತ್ತದೆ. ಹಾಗೆಯೇ ಬಿಟ್ಟರೆ ಎಳೆಯ ಕಾಯಿಗಳನ್ನು ಸುಡುತ್ತದೆ. ಸುಣ್ಣದ ನೀರು ಕ್ಷಾರ. ಎರಡೂ ಕೂಡಿದಾಗ ಆಮ್ಲಗುಣ ಅಡಗಿ, ತಾಮ್ರವು ನೀರಿನಲ್ಲಿ ಕರಗದ ನೀಲಿ ಕಣಗಳಾಗಿ ಗೊನೆಗೆ ಅಂಟಿಕೊಳ್ಳುತ್ತದೆ; ಮಳೆಗೆ ಬೇಗನೆ ತೊಳೆದುಹೋಗದೆ ಸ್ವಲ್ಪಸ್ವಲ್ಪವಾಗಿ ರೋಗಾಣುವನ್ನು ತಡೆಯುತ್ತದೆ.

ಸುಣ್ಣ ಸಾಲದೆ ಹೋದರೆ ಕರಗಿದ ತಾಮ್ರ ಉಳಿದಿರುತ್ತದೆ. ಉಜ್ಜಿ ಹೊಳಪು ಮಾಡಿದ ಕತ್ತಿಯನ್ನು ಅದರಲ್ಲಿ ಅದ್ದಿದರೆ ಅಲಗಿನ ಮೇಲೆ ಕೆಂಪು ಲೇಪ ಮೂಡುತ್ತದೆ. ಇದು ತುಕ್ಕಲ್ಲ, ಅಪ್ಪಟ ತಾಮ್ರ. ಕಬ್ಬಿಣವು ತಾಮ್ರಕ್ಕಿಂತ ಸುಲಭವಾಗಿ ಇಲೆಕ್ಟ್ರಾನುಗಳನ್ನು ಬಿಟ್ಟುಕೊಡುತ್ತದೆ. ಅವನ್ನು ಪಡೆದ ತಾಮ್ರದ ಅಯಾನುಗಳು ಲೋಹವಾಗಿ ಕತ್ತಿಯ ಮೇಲೆ ಕೂರುತ್ತವೆ, ಕಬ್ಬಿಣವು ಕರಗಿ ದ್ರಾವಣಕ್ಕೆ ಇಳಿಯುತ್ತದೆ. ಶ್ರೇಣಿಯಲ್ಲಿ ಕಬ್ಬಿಣ ಮೇಲೆ, ತಾಮ್ರ ಕೆಳಗೆ ಎಂದು ಬಾಯಿಪಾಠ ಮಾಡಿದ್ದರ ಅರ್ಥವಿಷ್ಟೆ. ಮೈಲುತುತ್ತನ್ನು ಕಬ್ಬಿಣದ ಪಾತ್ರೆಯಲ್ಲಾಗಲಿ ಸತುವಿನ ಲೇಪವುಳ್ಳ ಬಕೆಟಿನಲ್ಲಾಗಲಿ ಕರಗಿಸಬಾರದೆಂಬುದಕ್ಕೂ ಇದೇ ಕಾರಣ.

ಅಳತೆ ಗೊತ್ತಿರುವಾಗ ಪರೀಕ್ಷೆಯೇಕೆಂದು ಕೆಲವರು ಕೇಳಬಹುದು. ಶೇಕಡಾ ಒಂದರ ದ್ರಾವಣಕ್ಕೆ 100 ಲೀಟರ್ ನೀರು, 1 ಕಿಲೋಗ್ರಾಂ ಮೈಲುತುತ್ತು, 1 ಕಿಲೋಗ್ರಾಂ ಸುಣ್ಣ ಎಂಬುದು ರೂಢಿ. ಆದರೆ ಅಣುಭಾರದ ಲೆಕ್ಕ ಹಾಕಿದರೆ ಅಷ್ಟು ಮೈಲುತುತ್ತಿಗೆ ಶುದ್ಧವಾದ ಅರಳಿದ ಸುಣ್ಣ ಸುಮಾರು 300 ಗ್ರಾಂ ಸಾಕು. ಮಿಕ್ಕಿದ್ದು ಸುಣ್ಣದ ಗುಣದ ಮೇಲಿನ ಅಪನಂಬಿಕೆಗೆ ತೆರುವ ತೆರಿಗೆ. ಚಿಪ್ಪಿನ ಸುಣ್ಣವಾಗಲಿ ಕಲ್ಲುಸುಣ್ಣವಾಗಲಿ, ಗಾಳಿಗೆ ಬಿದ್ದಿದ್ದರೆ ಇಂಗಾಲದ ಡೈಆಕ್ಸೈಡನ್ನು ಹೀರಿ ಮರಳಿ ನಿಷ್ಪ್ರಯೋಜಕವಾದ ಕಾರ್ಬೊನೇಟಾಗುತ್ತದೆ. ತಕ್ಕಡಿಗೆ ಹೊಸ ಸುಣ್ಣವೂ ಹಳಸಿದ ಸುಣ್ಣವೂ ಒಂದೇ. ಭೇದವನ್ನು ಅರಿಯುವುದು ಕತ್ತಿ. ಸುಣ್ಣ ಮಿತಿಮೀರಿತೇ ಎಂಬುದನ್ನು ಮಾತ್ರ ಕತ್ತಿ ಹೇಳಲಾರದು. ಅದಕ್ಕೆ ಪಿಎಚ್ ಕಾಗದ ಬೇಕು.

ಇದು ಕೇವಲ ಅಂಕಗಳ ಪ್ರಶ್ನೆಯಲ್ಲ. ದೋಟಿಯಿಂದ ನೆಲದ ಮೇಲೆ ನಿಂತೇ ಮದ್ದು ಬಿಡುವ ಉಪಾಯ ಈಗ ಬಂದಿದ್ದರೂ ಮರವೇರಿ ಬಿಡುವವರು ಇನ್ನೂ ಇದ್ದಾರೆ. ಮಳೆ ಬಿಟ್ಟ ಒಂದೆರಡು ದಿನಗಳಲ್ಲಿ, ಪಾಚಿ ಹಿಡಿದು ಜಾರುವ ಮರವನ್ನು ಏರಿ, ಜೀವವನ್ನು ಪಣವಿಟ್ಟು ಬಿಡುವ ಮದ್ದು ಕೆಟ್ಟದ್ದಾದರೆ ಆ ಸಾಹಸವೆಲ್ಲ ವ್ಯರ್ಥ. ಬೆಳೆಯೂ ಹೋಗುತ್ತದೆ. ಅರ್ಧ ನಿಮಿಷದ ಪರೀಕ್ಷೆಯನ್ನು ಬಿಟ್ಟುಬಿಡಲು ಯಾರಿಗೂ ಅಧಿಕಾರವಿಲ್ಲ.

ಆದುದರಿಂದ ನಮ್ಮ ಭಾಗದ ಪ್ರೌಢಶಾಲೆಗಳ ಪ್ರಯೋಗ ತರಗತಿಯಲ್ಲಿ ಬೋರ್ಡೋ ದ್ರಾವಣಕ್ಕೆ ಸ್ಥಾನವಿರಬೇಕೆಂದು ನಾವು ಹೇಳುತ್ತೇವೆ. ಬೇಕಾದುದು ಚಿಟಿಕೆ ಮೈಲುತುತ್ತು, ಸುಣ್ಣ, ಒಂದು ಮೊಳೆ, ಎರಡು ಗಾಜಿನ ಲೋಟ. ವಿದ್ಯಾರ್ಥಿಗಳಾದರೂ ಮುಂದಿನ ಸಲ ಮನೆಯಲ್ಲಿ ಮದ್ದು ಕಲಸುವಾಗ ಪೀಪಾಯಿಯ ಬಳಿ ನಿಲ್ಲಲಿ. ಕತ್ತಿ ಕೆಂಪಾದರೆ ಇನ್ನಷ್ಟು ಸುಣ್ಣ ಹಾಕಬೇಕೆಂಬುದನ್ನು ಹಿರಿಯರು ಬಲ್ಲರು. ಏಕೆಂಬುದನ್ನು ಅವರಿಗೆ ತಿಳಿಸುವ ಸಂತೋಷ ಮಕ್ಕಳದಾಗಲಿ.