ಗಡಿಯ ಮಾಳಿಗೆಗೆ ಆಂಟೆನಾ ಮರಳಲಿ

ಮಹಾರಾಷ್ಟ್ರ ಗಡಿಸೀಮೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಮಾಳಿಗೆಗಳ ಮೇಲೆ ಮೀನಿನ ಮುಳ್ಳಿನಂಥ ಅಲ್ಯೂಮಿನಿಯಂ ಆಂಟೆನಾ ನಿಲ್ಲಿಸಿದರೂ ಅದು ಹಿಡಿಯಬೇಕಾದ ಅಲೆಯೇ ಈಗ ಇಲ್ಲ. ದೂರದರ್ಶನದ ಅನಲಾಗ್ ಪ್ರಸಾರವನ್ನು ಪ್ರಸಾರ ಭಾರತಿ ಹಂತಹಂತವಾಗಿ ಕೈಬಿಟ್ಟಿತು. ಆಯಕಟ್ಟಿನ ಸುಮಾರು 50 ಕೇಂದ್ರಗಳನ್ನು ಬಿಟ್ಟು ಉಳಿದವಕ್ಕೆ 2022ರ ಮಾರ್ಚ್ 31ರ ಗಡುವು ಹಾಕಿತ್ತು. ಕರೆಂಟು ನುಂಗುವ, ಒಂದು ಆವರ್ತನದಲ್ಲಿ ಒಂದೇ ವಾಹಿನಿ ಕಳಿಸುವ ಆ ಹಳೆಯ ಯಂತ್ರಗಳು ಹೋದದ್ದಕ್ಕೆ ನನ್ನ ತಕರಾರಿಲ್ಲ. ಅವುಗಳ ಜಾಗಕ್ಕೆ ಗೋಪುರದಿಂದ ಆಂಟೆನಾಕ್ಕೆ ನೇರ ಬರುವ ಡಿಜಿಟಲ್ ಭೂಪ್ರಸಾರ ಬರಲಿಲ್ಲವಲ್ಲ, ತಕರಾರು ಅದಕ್ಕೆ. 2016ರ ಫೆಬ್ರುವರಿಯಲ್ಲಿ ದೇಶದ 16 ನಗರಗಳಲ್ಲಿ ಅದು ಶುರುವಾದಾಗ ಕರ್ನಾಟಕದ ಪಾಲಿಗೆ ಸಿಕ್ಕದ್ದು ಬೆಂಗಳೂರು ಒಂದೇ. ಕೇಬಲ್ಲು, ಇಂಟರ್ನೆಟ್ಟು ಎಲ್ಲವೂ ಇದ್ದ ಊರಿಗೇ ಇದೂ ಹೋಯಿತು.

ಉಪಗ್ರಹದಿಂದ ಬರುವ ಡಿಡಿ ಫ್ರೀ ಡಿಶ್ ಇದೆಯಲ್ಲ ಎನ್ನುತ್ತಾರೆ. 2004ರಿಂದ ನಡೆದಿರುವ ಆ ಸೇವೆಗೆ ತಿಂಗಳ ಚಂದಾ ಇಲ್ಲ, ದೂರದರ್ಶನದ ಕನ್ನಡ ವಾಹಿನಿ ಚಂದನವೂ ಬರುತ್ತದೆ, ನಿಜ. ಆದರೆ ಕೃಷ್ಣೆ, ದೂಧಗಂಗಾ, ವೇದಗಂಗಾ ಉಕ್ಕಿದ 2019ರ ಆಗಸ್ಟ್ ನೆನೆಯಿರಿ. ಕೊಯ್ನಾ ಅಣೆಕಟ್ಟಿನಿಂದ ಎಷ್ಟು ನೀರು ಬಿಟ್ಟರು, ಕುಡಚಿ-ಉಗಾರ ಸೇತುವೆ ಮುಳುಗಿತೇ ಎಂದು ಮನೆಮನೆಯೂ ಕೇಳುವ ಹೊತ್ತಿಗೇ ಜಡಿಮಳೆ ಉಪಗ್ರಹದ ಕೂ-ಬ್ಯಾಂಡ್ ಅಲೆಯನ್ನು ಹೀರಿಕೊಳ್ಳುತ್ತದೆ. ಚಿತ್ರ ಚೂರುಚೂರಾಗಿ ಪರದೆ ಕಪ್ಪಾಗುತ್ತದೆ. ಗುಡ್ಡದ ಗೋಪುರದಿಂದ ಬರುವ ಯುಎಚ್‌ಎಫ್ ಅಲೆಯನ್ನು ಮಳೆ ಅಷ್ಟಾಗಿ ಕಾಡದು. ಕರೆಂಟು ಹೋದರೆ ಯಾವ ಟಿವಿಯೂ ನಡೆಯದು, ಒಪ್ಪುತ್ತೇನೆ. ಆದರೆ ಎಚ್ಚರಿಕೆ ಮುಟ್ಟಬೇಕಾದದ್ದು ಅದಕ್ಕೂ ಮುಂಚೆ. ಮೊಬೈಲ್ ಸಾಕು ಎನ್ನುವವರು ಲೆಕ್ಕ ಹಾಕಲಿ: ಡೇಟಾ ಪ್ರತಿ ನೋಡುಗನ ಕಿಸೆಯಿಂದ ಹೋಗುತ್ತದೆ, ಗೋಪುರಕ್ಕೆ ಒಬ್ಬ ನೋಡಿದರೂ ಲಕ್ಷ ಜನ ನೋಡಿದರೂ ವೆಚ್ಚ ಅಷ್ಟೇ.

ಗಡಿಯಲ್ಲಿ ಕನ್ನಡದ ಗೋಪುರ ಎಂದರೆ ಮರಾಠಿ ಮನೆಗಳಿಗೆ ಹೇರಿಕೆ ಎನಿಸೀತೆಂಬ ಅಳುಕು ಹಗುರವಾದದ್ದಲ್ಲ. ಆದರೆ ಡಿಜಿಟಲ್ ಪ್ರಸಾರದ ಒಂದೇ ಆವರ್ತನದಲ್ಲಿ ದೂರದರ್ಶನ ಐದು ವಾಹಿನಿ ಕಳಿಸಿದೆ. ಚಂದನದ ಜೊತೆಗೇ ಮರಾಠಿ ವಾಹಿನಿ ಸಹ್ಯಾದ್ರಿಯೂ ಬರಲಿ. ಮೇಲಿನ ಅಣೆಕಟ್ಟುಗಳ ಗೇಟು ಎತ್ತುವುದು ಮಹಾರಾಷ್ಟ್ರ, ಪರಿಹಾರದ ಆದೇಶ ಹೊರಡುವುದು ಬೆಂಗಳೂರಿನಿಂದ. ಹೊಳೆಸಾಲಿನ ರೈತನಿಗೆ, ಅವನ ಮನೆಮಾತು ಯಾವುದೇ ಇರಲಿ, ಎರಡೂ ಸುದ್ದಿ ಬೇಕು. ಸ್ತವನಿಧಿ ಘಾಟಿನ ಎತ್ತರದಲ್ಲಿ ಒಂದು ಗೋಪುರ, ಅಥಣಿ-ಕಾಗವಾಡದ ಬಯಲಿಗೆ ಇನ್ನೊಂದು. ಮನೆಯಲ್ಲಿ ಆಂಟೆನಾ, ಟಿವಿಯೊಳಗೆ ಟ್ಯೂನರ್ ಇಲ್ಲದಿದ್ದರೆ ಪುಟ್ಟದೊಂದು ಪೆಟ್ಟಿಗೆ. ಗಡಿ ಪ್ರದೇಶ ಅಭಿವೃದ್ಧಿಗೆಂದೇ ಪ್ರಾಧಿಕಾರ ಮಾಡಿಕೊಂಡಿರುವ ರಾಜ್ಯ ಸರ್ಕಾರ ವೆಚ್ಚದಲ್ಲಿ ಪಾಲು ಕೊಡುತ್ತೇನೆಂದು ಪ್ರಸಾರ ಭಾರತಿಗೆ ಪತ್ರ ಬರೆಯಬೇಕು, ಮುಂದಿನ ಮಳೆಗಾಲದೊಳಗೆ.